ಕಾಲುವೆಯ ಬಾಲದಲ್ಲಿ

ಪಾಮೀರದ ಹಿಮ ಕರಗಿ ಮೊದಲ ನೀರು ಇಳಿಯುವ ಮುನ್ನ
ನಮ್ಮ ಕಣಿವೆಯಲ್ಲಿ ನೀರುಗಂಟಿಯ ಆಯ್ಕೆ.
ಅಕ್ರೋಟು ಮರದಡಿ ಎರಡು ಟೋಪಿ ಬೋರಲು ತಿರುವಿ ಇಡುತ್ತಾರೆ,
ತಲೆಗೊಂದು ಜರ್ದಾಳು ಬೀಜ.

ಹೋದ ವರ್ಷ ನನ್ನ ಬೀಜ ಬಿದ್ದದ್ದು ಮಿರ್ಜೋನಜರನಿಗೆ.
ಸುಳ್ಳೇಕೆ ಹೇಳಲಿ, ಅವನ ಭುಜ ನೋಡಿ ಹಾಕಿದೆ.
ಗಾಳಿಗೆ ಜಗ್ಗದ ಆ ನಿಲುವು,
ಬೆಳ್ಳಿಯ ನಡುಪಟ್ಟಿ, ಎಣ್ಣೆ ತೀಡಿದ ಬೂಟು,
ಬಾಯಿ ತೆರೆದರೆ ಎದುರು ಗುಡ್ಡವೂ ಹೂಂಗುಡಬೇಕು.
ಇಂಥವನ ಮಾತಿಗೆ ನೀರೂ ತಲೆಬಾಗೀತು
ಅಂದುಕೊಂಡೆವು.
ನೀರಿಗೆ ಕಣ್ಣಿಲ್ಲ, ತಗ್ಗು ಮಾತ್ರ ಗೊತ್ತು.

ಕಳ್ಳನಲ್ಲ ಅವನು, ಅದನ್ನೂ ಹೇಳಬೇಕು.
ಹಗಲೆಲ್ಲ ತೂಬಿನ ಮೇಲೆ ನಿಂತು
ಹೆಸರು ಹಿಡಿದು ಕೂಗಿ ಸರದಿ ಕೊಟ್ಟ.
ನೋಡಲು ಚೆಂದವಿತ್ತು.
ಆದರೆ ರಾತ್ರಿಯ ನೀರನ್ನು ಯಾರೂ ನೋಡುವುದಿಲ್ಲ.
ರಾತ್ರಿ ಕೆಸರಿರುತ್ತದೆ, ಎಲುಬು ಕೊರೆಯುವ ಚಳಿ,
ಬೂಟಿಗೆ ಎಣ್ಣೆ ತೀಡಿದ್ದು ಅದಕ್ಕಲ್ಲ.
ಬಾರ್ಲಿ ಹಾಲುಗಟ್ಟುವ ಹೊತ್ತಿಗೆ
ಮೇಲಿನ ಹೊಲಗಳು ಕುಡಿದು ತೇಗಿದವು.
ಕೆಳಗೆ, ನಮ್ಮತ್ತ, ನೂಲಿನೆಳೆಯಷ್ಟು ನೀರು.

ಆಗಲೇ ಒಂದು ರಾತ್ರಿ
ಕಾಲುವೆ ಕವಲೊಡೆವಲ್ಲಿ ಲಾಟೀನು ಕಂಡಿತು.
ಸಿಕ್ಕ ಕಳ್ಳ ಎಂದು ಗುದ್ದಲಿ ಹಿಡಿದು ಓಡಿದೆ.

ಸಾವ್ರಿಬೇಗಿಮ್ ಕೂತಿದ್ದಳು.
ಕವಲಿನ ಎಡಕ್ಕೆ ಅವಳ ಹೊಲ, ಬಲಕ್ಕೆ ನನ್ನದು.
ಉಗ್ಗುವವಳು, ಒಂದು ಕಣ್ಣು ಮೂಗಿನತ್ತ ವಾಲಿದವಳು,
ಸತ್ತ ಗಂಡನ ಸೇನೆಕೋಟು ತೊಟ್ಟು ಬರುವವಳು,
ಮದುವೆಗಳಲ್ಲಿ ನಾವು ಬಾಗಿಲ ಬಳಿ ಕೂರಿಸುವವಳು.
ಮುಂದೆ ನೀರು ತುಂಬಿದ ಬೋಗುಣಿ,
ಅದರಲ್ಲಿ ತೇಲುವ ತೂತಿನ ಗಳಿಗೆ ಬಟ್ಟಲು.

ಬಟ್ಟಲು ಮೆಲ್ಲನೆ ತುಂಬಿತು, ಮುಳುಗಿತು,
ತಳ ಮುಟ್ಟಿ ಟಣ್ ಎಂದಿತು.
ಅವಳ ಆಲೂಗಡ್ಡೆಯ ಸಾಲು ಅರ್ಧ ಇನ್ನೂ ಒಣಗಿತ್ತು.
ಎದ್ದಳು. ತನ್ನ ಹೊಲದ ಬಾಯಿ ತಾನೇ ಮುಚ್ಚಿದಳು,
ಹುಲ್ಲುಹೆಂಟೆ ಇಟ್ಟು, ಮಂಡಿಯಿಂದ ಅದುಮಿ.
ನೀರು ನನ್ನ ಕಡೆ ತಿರುಗಿತು.
ನಾನು ಮನೆಯಲ್ಲಿ ಮಲಗಿದ್ದೇನೆಂದೇ
ಅವಳು ತಿಳಿದಿದ್ದಳು.

ಗುದ್ದಲಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡು
ಬಂದ ದಾರಿ ಹಿಡಿದೆ. ಯಾರಿಗೂ ಹೇಳಲಿಲ್ಲ.
ಹೇಳಿದ್ದರೆ ಕೈಯಲ್ಲಿ ಗುದ್ದಲಿ ಏಕಿತ್ತು
ಎಂದೂ ಹೇಳಬೇಕಿತ್ತಲ್ಲ.

ಈ ವರ್ಷ ಮುದುಕ ದವ್ಲತ್‌ಕದಮ್ ಎದ್ದು ಹೇಳಿದ:
"ಕಡೇ ಹೊಲದವಳ ಕೈಗೆ ಬಟ್ಟಲು ಕೊಡಿ.
ಎಲ್ಲರ ಹೊಲ ದಾಟಿಯೇ ನೀರು ಅವಳನ್ನು ಮುಟ್ಟಬೇಕು."
ಮಿರ್ಜೋನಜರ್ ಮಾತಾಡಿದ, ಹೊಸ ಕಸೂತಿ ಟೋಪಿಯಲ್ಲಿ;
ಹೆಂಗಸರು ಮಕ್ಕಳನ್ನು ಸುಮ್ಮನಾಗಿಸಿ ಕೇಳಿದರು.
ಅವಳನ್ನೂ ಮುಂದೆ ತಳ್ಳಿದರು.
"ನೀ... ನೀ..." ಎಂದಳು.
ನೀರು ಎನ್ನುವಷ್ಟರಲ್ಲಿ ಹುಡುಗರು ನಕ್ಕುಬಿಟ್ಟರು.
ನನಗೆ ನಗು ಬರಲಿಲ್ಲ.
ವಾಲಿದ ಆ ಕಣ್ಣು ಯಾರನ್ನು ನೋಡುತ್ತಿತ್ತೋ ತಿಳಿಯದೆ
ನನ್ನನ್ನೇ ಕೇಳಿದಂತಾಯಿತು:
ನೀ? ನೀ?

ಆದರೂ ನೋಡಿ, ಸರದಿ ಬಂದಾಗ
ಕೈ ಮೊದಲು ಹೋದದ್ದು ಅವನ ಟೋಪಿಯತ್ತ.
ನೋಡಿ ನೋಡಿ ಕೆಟ್ಟ ಅಭ್ಯಾಸ ಕೈಗೆ.
ನಡುದಾರಿಯಲ್ಲಿ ಹಿಂದಕ್ಕೆಳೆದೆ.
ಬೀಜ ಬೆವರಿಗೆ ಒದ್ದೆಯಾಗಿತ್ತು,
ಅಂಗೈಗೆ ಅಂಟಿಕೊಂಡಿತ್ತು, ಕೊಡವಬೇಕಾಯಿತು.

ಏಳು ಬೀಜ ಹೆಚ್ಚು ಬಂದಿತ್ತು ಅವಳಿಗೆ.
ಹೇಳೋಣವೆಂದು ತಿರುಗಿದರೆ ಜಾಗ ಖಾಲಿ.
ಆಗಲೇ ಕಾಲುವೆಗೆ ಇಳಿದಿದ್ದಳು,
ಸೇನೆಕೋಟಿನ ಬೆನ್ನು ಬಾಗಿ ಏಳುತ್ತಿತ್ತು,
ಚಳಿಗಾಲದ ಹೂಳು ದಂಡೆಗೆ ಬೀಳುತ್ತಿತ್ತು,
ಮಿರ್ಜೋನಜರನ ಹೊಲದ ಮುಂದೆ.