ಪದಕ್ಕೆ ಒಂದೂವರೆ ರೂಪಾಯಿ

ಬಂದರಿನ ಹಸನಬ್ಬರಿಗೆ ಗುರುವಾರದೊಳಗೆ ಬೇಕು.
ನಲವತ್ತೆರಡು ಡಬ್ಬಿ, ನಲವತ್ತೆರಡು ಚೀಟಿ,
ಎಲ್ಲ ಫ್ರೆಂಚಿನಲ್ಲಿ, ಇರುವೆ ಸಾಲಿನಷ್ಟು ಸಣ್ಣಕ್ಕೆ;
ಇಂಗ್ಲಿಷು ಮಾಡಿ ಕೊಟ್ಟರೆ ಕಸ್ಟಮ್ಸಿನವರು ಬಿಡುತ್ತಾರೆ.
ಪದಕ್ಕೆ ಒಂದೂವರೆ ರೂಪಾಯಿ.
ನಡುವೆ ಅಲ್ಪವಿರಾಮವನ್ನು ಎತ್ತಿ ಕಟ್ಟಿದ ಪದ
ಲೆಕ್ಕಕ್ಕೆ ಒಂದೋ, ಎರಡೋ?
ಹಸನಬ್ಬರು ಒಂದೇ ಅನ್ನುತ್ತಾರೆ. ನಾನೂ ಬಿಟ್ಟುಕೊಟ್ಟಿದ್ದೇನೆ.

ಫಳ್ನೀರಿನ ಮಹಡಿ ಕೋಣೆ, ಒಂದು ಭೂತಗನ್ನಡಿ,
ಸಿಸ್ಟರ್ ಬ್ಲಾಂಡಿನ್ ಬಿಟ್ಟುಹೋದ
ಬೆನ್ನು ಹರಿದ ನಿಘಂಟು.

ಮೊದಲ ಪದ ಹೆಚ್ಚಾಗಿ ನೀರು.
ಫ್ರೆಂಚಿನಲ್ಲಿ ಅದಕ್ಕೆ ಬರೀ ‘ಓ’.
ಮೂರಕ್ಷರ ಬರೆದು ಮೂರನ್ನೂ ನುಂಗಿ,
ಒಳಮನೆಯಿಂದ ಯಾರೋ ಓಗೊಟ್ಟ ಹಾಗೆ.
ಚೀಟಿ ಚೀಟಿಯಲ್ಲೂ ಓ, ಓ, ಓ.
ಕರೆದದ್ದು ಯಾರೆಂದು ಮಾತ್ರ ಬರೆದಿಲ್ಲ.

ಆಮೇಲೆ ‘ಕಾರಿತೆ’.
ಮೊದಲ ಸಲ ಓದಿದಾಗ ಸಿಸ್ಟರ್ ಎದುರೇ ನಕ್ಕಿದ್ದೆ:
ಏನು ಕಾರಿತು ಸಿಸ್ಟರ್, ಹಾವೇ, ಮೋಡವೇ?
ಆಫ್ರಿಕದ ಮರ, ಅದರ ಬೀಜದ ಬೆಣ್ಣೆ, ಎಂದರು.
ಅವರಿಗೆ ಕನ್ನಡ ಬರುತ್ತಿತ್ತು, ನಗೆ ಬರುತ್ತಿರಲಿಲ್ಲ.

ಇನ್ನೊಂದು ಚೀಟಿಯಲ್ಲಿ ಕತ್ತೆಯ ಹಾಲು,
ಎರಡೇ ಸಾಲು ಕೆಳಗೆ ಕಸ್ತೂರಿ.
ಗಾದೆ ಕಟ್ಟಿದವರು ಈ ಸಾಬೂನು ಕಂಡಿರಲಿಲ್ಲ.

ಇವತ್ತು ತಡೆದು ನಿಲ್ಲಿಸಿದ್ದು ‘ಸೂಸಿ’.
ಹೂವು, ನಮ್ಮ ಗೊಂಡೆಯ ದೂರದ ನೆಂಟ.
ನಿಘಂಟಿನಲ್ಲಿ ಮೊದಲ ಅರ್ಥ ಚಿಂತೆ,
ಹೂವು ಎರಡನೆಯದು.
ಕನ್ನಡದ ಕಿವಿಗೆ ಎರಡೂ ಅಲ್ಲ,
ವಾಕ್ಯ ಮುಗಿಯುವ ಮೊದಲೇ ನಿಂತ ಪರಿಮಳ.
ಅದರ ಪಕ್ಕದ ಹೂವಿನ ಹೆಸರೋ, ಕಾಡು ಯೋಚನೆ.
ಚರ್ಮ ನುಣುಪಾಗಲು ಚಿಂತೆಯ ಸಾರ,
ಕಾಡು ಯೋಚನೆಯ ಕಷಾಯ!
ಹಾಗೇ ಬರೆದುಬಿಡಲೇ ಅಂದುಕೊಂಡೆ.
ಚಿಂತೆಗೆ ಎಷ್ಟು ಸುಂಕ ಹಾಕಿಯಾರು ಸಾಹೇಬರು?
ಬರೆದದ್ದು ಕ್ಯಾಲೆಂಡುಲ. ವಯೋಲ.
ಮೂರು ರೂಪಾಯಿ.

ಹತ್ತೂವರೆಗೆ ಜಲಜಕ್ಕ ಬುಟ್ಟಿ ಇಳಿಸಿದರು.
‘ಎಂತ ಬರೆಯುವುದು ಮಾರಾಯ್ತಿ, ಹಗಲೂ ರಾತ್ರೆ?’
ಓದಿ ಹೇಳಿದೆ, ಕ್ರೀಮಿನೊಳಗೆ ಏನೇನುಂಟು ಅಂತ,
ಹೆಚ್ಚು ತೂಗುವುದು ಮೊದಲು ಬರಬೇಕು ಅಂತ.
‘ನೀರೇ ಮೊದಲಾ?’
ಬಂಗುಡೆ ಹಿಡಿದ ಕೈ ಅಲ್ಲೇ ನಿಂತಿತು.
‘ಎರಡು ತುಂಡು ಐಸು ಜಾಸ್ತಿ ಬಿದ್ದರೆ
ನನಗೆ ಬೈಯ್ತೀರಲ್ಲ ನೀವು!’

ಮೂವತ್ತೊಂಬತ್ತನೆಯದು ಒಡೆದ ಹಿಮ್ಮಡಿಯ ಮುಲಾಮು.
ಓ. ಜೇನುಮೇಣ. ಏಪ್ರಿಕಾಟ್ ಗೊರಟೆಯ ಎಣ್ಣೆ.
ಮತ್ತೆ ಬೆಣ್ಣೆ ಅಂತ ಒಂದು, ಯಾವುದರ ಬೆಣ್ಣೆ
ಎಂದು ನೋಡಿದರೆ, ಕೊಕುಂ.
ಇಂಗ್ಲಿಷಿನಲ್ಲೂ ಕೊಕುಂ. ನನಗೇನೂ ಕೆಲಸವಿಲ್ಲ.
ಕಡಲು ದಾಟಿ ಹೋಗಿ, ವೇಷ ಹಾಕಿಕೊಂಡು,
ಹೊರಟ ಬಂದರಿಗೇ ಬಂದಿಳಿದಿದೆ ಪುನರ್ಪುಳಿ,
ಐವತ್ತು ಗ್ರಾಮಿಗೆ ಸಾವಿರದ ಎಂಟುನೂರು.

ಜಲಜಕ್ಕನ ಹಿಮ್ಮಡಿ ನೋಡಿದೆ.
ಬಿರುಕಿನಲ್ಲಿ ಉಪ್ಪು, ಒಂದೆರಡು ಮೀನಿನ ಹುರುಪೆ,
ಮೇಲೆ ಮಂಕಾಗಿ ಹೊಳೆಯುವ ಜಿಡ್ಡು.
ಎಂತ ಹಚ್ಚುತ್ತೀರಿ?
‘ಪುನರ್ಪುಳಿ ನೆಯ್. ಬಜಪೆಯಿಂದ ತಂಗಿ
ಉಂಡೆ ಕಟ್ಟಿ ಕಳಿಸ್ತಾಳೆ. ಮತ್ತೆಂತ ಹಚ್ಚುವುದು?’

ಚೀಟಿಯ ಕೊನೆಗೆ ಒಂದು ರಿಯಾಯಿತಿ ಉಂಟು:
ನೂರಕ್ಕೆ ಒಂದಕ್ಕೂ ಕಡಿಮೆ ಇರುವವು
ತೂಕದ ಹಂಗಿಲ್ಲದೆ ಹಿಂದೆಮುಂದೆ ನಿಲ್ಲಬಹುದು,
ಬಣ್ಣ, ಕಂಪು, ಕೆಡದಂತೆ ಕಾಯುವ ಚಿಟಿಕೆ.
ಅಲ್ಲಿಗೆ ಬಂದಾಗ ನನಗೆ ಉಸಿರು ಸಲೀಸು.

ಏನೂ ಮಾಡದ ಆ ಒಂದು ಪದಕ್ಕೆ
ದುಡ್ಡು ಹಿಡಿಯಲೋ ಬೇಡವೋ ಎಂದು
ಪೆನ್ನು ಹಿಡಿದೇ ಕೂತಿದ್ದೆ.
ಮೆಟ್ಟಿಲ ಬುಡದಿಂದ ಜಲಜಕ್ಕ ಕೂಗಿದರು,
ಚಿಲ್ಲರೆ ಕೊಡಲು ಮರೆತಿದ್ದರು.
‘ಓ’ ಅಂದೆ.