ಕಾಡ್ಜೊಗೆ, ವಾಯಿದೆ ಬಿದ್ದ ದಿನ

ಕೂತುಕೋ ಕಾಡ್ಜೊ, ಗೌನು ಕಳಚು.
ಮೊಂಬಾಸದ ಸೆಕೆಗೆ ಕಪ್ಪು ಬಟ್ಟೆ ಆರಿಸಿದವನು
ಖಂಡಿತ ಈ ಊರಿನವನಲ್ಲ.
ಜಡ್ಜು ರಜೆ. ಮುಂದಿನ ತಾರೀಖು ನವೆಂಬರಿಗೆ.
ಹನ್ನೊಂದನೇ ವಾಯಿದೆ ಇದು,
ಕಣ್ಣು ಒದ್ದೆ ಮಾಡಿಕೊಳ್ಳುವಷ್ಟು ದೊಡ್ಡದಲ್ಲ.

ನೈರೋಬಿಯ ಬ್ಯಾಂಕಿನ ಕಾಗದ ನಿನ್ನ ಚೀಲದಲ್ಲಿದೆ, ಗೊತ್ತು.
ಬೆಳಿಗ್ಗೆ ನೀನು ಕಡತ ಎಳೆಯುವಾಗ ಇಣುಕಿತು.
ತಣ್ಣನೆಯ ಕೋಣೆ, ತಿರುಗುವ ಕುರ್ಚಿ,
ತಿಂಗಳ ಕೊನೆಗೆ ತಪ್ಪದ ಸಂಬಳ.
ಹೋಗಬೇಡ ಎನ್ನಲಾರೆ. ನಾನು ಕೊಡುವ ದುಡ್ಡಿನಲ್ಲಿ
ಲಿಕೋನಿಯ ಮನೆಬಾಡಿಗೆಯೂ ಮಟಾಟುವಿನ ಚಾರ್ಜೂ
ಒಂದೇ ತಿಂಗಳಲ್ಲಿ ಜೊತೆಗೆ ಬಾಳುವುದಿಲ್ಲ.

ಹೋಗುವ ಮೊದಲು ಇಷ್ಟು ಕೇಳಿಸಿಕೋ.

ರಿಜಿಸ್ಟ್ರಿಯ ಮುದುಕ ಕೊಂಬೊ ಇದ್ದಾನಲ್ಲ,
ಅವನ ಮೊಣಕಾಲು ನೋವು ವಿಚಾರಿಸು.
ಇಲ್ಲಿ ಕಡತ ಕಳೆದುಹೋಗುವುದಿಲ್ಲ ಮಗಳೇ,
ಮುನಿಸಿಕೊಂಡು ಎಲ್ಲೋ ಕೂತಿರುತ್ತದೆ.
ಯಾವ ಕಪಾಟಿನ ಹಿಂದೆ ಎಂದು ಅವನಿಗೊಬ್ಬನಿಗೇ ಗೊತ್ತು.
ದುಡ್ಡು ಮಾತ್ರ ಕೊಡಬೇಡ, ಚಹಾಕ್ಕೆ ಅಂತಲೂ.
ಒಮ್ಮೆ ತಿಂದ ಕಡತಕ್ಕೆ
ದಿನಾ ಹಸಿವಾಗುತ್ತದೆ.

ಬೂಟಿಗೆ ಖರ್ಚು ಮಾಡು, ಪೆನ್ನಿಗಲ್ಲ.
ಜಮೀನಿನ ಕೇಸು ಬಂದರೆ ಆ ಜಮೀನು ತುಳಿದು ಬಾ.
ನಕ್ಷೆ ಸುಳ್ಳೆಂದು ಹೇಳುತ್ತಿಲ್ಲ,
ನಕ್ಷೆಯಲ್ಲಿ ನಾಯಿ ಬೊಗಳುವುದಿಲ್ಲ, ಅಷ್ಟೇ.
ಬೊಗಳುವ ನಾಯಿ ಯಾರ ಅಂಗಳದ್ದು,
ಬಾವಿಯ ಹಗ್ಗ ಯಾರ ಕೈಗೆ ಒಗ್ಗಿದ್ದು,
ಅದನ್ನು ನೋಡಿಕೊಂಡು ಬಾ.

ಮತ್ತೆ, ಕುಳಿತುಕೊಳ್ಳುವುದನ್ನು ಕಲಿ.
ಎದ್ದು ನಿಲ್ಲುವುದು ಎಲ್ಲರಿಗೂ ಬರುತ್ತದೆ.

ನನಗೆ ಆಗ ಮೂರು ವರ್ಷದ ಪ್ರಾಕ್ಟೀಸು.
ಮಾಲಿಂದಿಯ ಕೋರ್ಟು. ನನ್ನ ಕಕ್ಷಿದಾರ ಕಹಿಂದಿ,
ಹದಿನಾಲ್ಕು ಗೇರುಮರದ ತಗಾದೆ.
ಕಟಕಟೆಯಲ್ಲಿ ಸರ್ವೆಯವನು, ಪೂಸಿ ಹಾಕಿದ ಕೂದಲು.
‘ಆ ಜಾಗಕ್ಕೆ ನಾನು ಕಾಲಿಟ್ಟಿಲ್ಲ’ ಎಂದುಬಿಟ್ಟ.
ಸಾಕಿತ್ತು. ಅಲ್ಲಿಗೆ ಕೂರಬೇಕಿತ್ತು.
ಹಿಂದಿನಿಂದ ನನ್ನ ಸೀನಿಯರು ಗೌನಿನ ಅಂಚು ಜಗ್ಗಿದರು,
ನಾನು ಗೆಲುವಿನ ಅಮಲಿನಲ್ಲಿ ಬಿಡಿಸಿಕೊಂಡೆ.
‘ಹಾಗಾದರೆ ಗಡಿಗೆರೆ ಎಳೆದದ್ದು ಹೇಗೆ?’ ಎಂದೆ.

ಅವನು ಕನ್ನಡಕ ಒರೆಸಿಕೊಂಡ, ಅವಸರವಿಲ್ಲದೆ.
‘ಇವನ ತಂದೆಯೇ ಕಚೇರಿಗೆ ಬಂದಿದ್ದರು.
ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು.
ಹೆಬ್ಬೆಟ್ಟಿನ ಗುರುತು ಇದೆ, ಇಗೋ.’

ಮಾತಾಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಆವತ್ತು ಎರಡರ ಸದ್ದೂ ಒಟ್ಟಿಗೆ ಕೇಳಿಸಿತು.
ಫ್ಯಾನು ತಿರುಗುತ್ತಲೇ ಇತ್ತು. ನಾನು ಕೂತೆ,
ಕೂರಬೇಕಾದ ಗಳಿಗೆ ದಾಟಿದ ಮೇಲೆ.

ಕಹಿಂದಿ ಬೈಯಲಿಲ್ಲ.
ಮುಂದಿನ ವಾರ ಬಂದ, ಹುರಿದ ಗೋಡಂಬಿಯ ಪೊಟ್ಟಣ,
ಜೊತೆಗೆ ಅವನದೇ ಮೂಗಿನ ಇನ್ನೊಬ್ಬ ಮನುಷ್ಯ.
‘ಮಾಮಾ ವಕೀಲಿ, ಇವನು ನನ್ನ ಅಣ್ಣ.
ಗಡಿ ಮಾರಿದವನು ಇವನೇ ಅಂತ
ಇಪ್ಪತ್ತು ವರ್ಷ ಮಾತು ಬಿಟ್ಟಿದ್ದೆ.
ನೀವು ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.’

ಇದರಿಂದ ನೀತಿ ಹಿಂಡಬೇಡ, ಕಾಡ್ಜೊ.
ಮರ ಹದಿನಾಲ್ಕೂ ಹೋದವು.
ಆ ಪ್ರಶ್ನೆ ತಪ್ಪು, ಇವತ್ತಿಗೂ ತಪ್ಪು,
ನಿನಗೆ ಕಲಿಸುವಾಗ ತಪ್ಪೆಂದೇ ಕಲಿಸುತ್ತೇನೆ.
ಗೋಡಂಬಿ ಮಾತ್ರ ಚೆನ್ನಾಗಿತ್ತು.
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಬೇಕೆಂದು
ಇಪ್ಪತ್ತಾರು ವರ್ಷವಾದರೂ ತಿಳಿದಿಲ್ಲ.

ಬ್ಯಾಂಕಿಗೆ ಉತ್ತರ ಬರೆಯುವುದಾದರೆ ಇವತ್ತೇ ಬರಿ.
ಕಾಯಿಸಬೇಡ, ಕಾಯಿಸುವುದು ಕೋರ್ಟಿನ ಚಾಳಿ.
ನಾಳೆ ಎಂಟೂವರೆಗೆ ಮೂರನೇ ಹಾಲಿನಲ್ಲಿ
ಒಂದು ಜಾಮೀನು ಅರ್ಜಿ ಇದೆ.
ಹುಡುಗನಿಗೆ ಹತ್ತೊಂಬತ್ತು, ಸೈಕಲ್ ಕದ್ದ ಆರೋಪ,
ಅವನ ತಾಯಿ ಕ್ವಾಲೆಯಿಂದ ಮೊದಲ ಬಸ್ಸಿಗೆ ಬರುತ್ತಾಳೆ.
ಕಡತ ಮೇಜಿನ ಮೇಲಿದೆ, ನೀಲಿ ದಾರದ್ದು.

ಗೌನು ಅಲ್ಲೇ ಮೊಳೆಗೆ ಹಾಕಿ ಹೋಗು,
ಬೆವರು ಆರಲಿ.