ಚೀಲದ ವಜಾ

ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಹನ್ನೊಂದು ವರ್ಷ
ಆಲೂಗೆಡ್ಡೆ ತೂಗಿದವನು ನಾನು.
ಚೀಲಕ್ಕೆ ಒಂದು ಕೆಜಿ ವಜಾ,
ಮಣ್ಣು ಮೆತ್ತಿದ್ದರೆ ಇನ್ನರ್ಧ.
ಉಳಿದದ್ದೇ ಮಾಲು, ಉಳಿದದ್ದಕ್ಕೇ ದುಡ್ಡು.

ಹನ್ನೆರಡನೇ ಸುಗ್ಗಿಯಲ್ಲಿ ಕಾಟಾದ ಕೆಂಪು ಅಂಕಿಗಳು
ಹೆಸರು ಹಿಡಿದು ಕರೆಯತೊಡಗಿದವು:
ಜವರಪ್ಪ ಕಳ್ಳ, ಜವರಪ್ಪ ಕಳ್ಳ.
ಚೀಲದೊಳಗೆ ಯಾರೋ ಉಸಿರಾಡುತ್ತಿದ್ದರು.
ಒಂದೊಂದನ್ನೇ ಬಿಚ್ಚಿ ನೋಡಿದೆ,
ಗೇಟಿನ ತನಕ ಗೆಡ್ಡೆ ಉರುಳಿದವು.
ಮಂಡಿ ಸಾಹುಕಾರರು ನನ್ನನ್ನೂ ವಜಾ ಮಾಡಿದರು.

ಆಗ ನನ್ನ ತೂಕ ಐವತ್ತೆಂಟು.

ಮಾತ್ರೆ ಚಿಕ್ಕದು. ಯಾವ ಕಾಟಾಕ್ಕೂ ಸಿಗದಷ್ಟು.
ಮೂರನೇ ವಾರಕ್ಕೆ ದನಿಗಳು ಎದ್ದು ಹೋದವು,
ಹರಾಜು ಮುಗಿದ ಮೇಲೆ ವ್ಯಾಪಾರಿಗಳು
ಟವೆಲ್ಲು ಕೊಡವಿಕೊಂಡು ಹೋಗುವ ಹಾಗೆ.
ಅವು ಕೂತಿದ್ದ ಜಾಗಕ್ಕೆ ಹಸಿವು ಬಂದು ಕೂತಿತು.

ಎಂಥ ಹಸಿವು!
ರಾತ್ರಿ ಎರಡಕ್ಕೆ ಎದ್ದು ತಣ್ಣನೆ ಮುದ್ದೆ,
ಸಾರಿಲ್ಲದೆ, ಬರೀ ಉಪ್ಪು ನೆಂಚಿಕೊಂಡು.
ಸಾಕಮ್ಮ ಬೆಲ್ಲದ ಡಬ್ಬಿ ಅಟ್ಟಕ್ಕೇರಿಸಿದಳು.
ನಾನು ಅಟ್ಟ ಹತ್ತಿದೆ.
ಬಯ್ಯುತ್ತಲೇ ಕೆಳಗೆ ಏಣಿ ಹಿಡಿದು ನಿಂತಿದ್ದಳು.

ಆಸ್ಪತ್ರೆಯ ನರ್ಸಮ್ಮ ತಿಂಗಳಿಗೊಮ್ಮೆ ಕೂಗಿದರು:
ಅರವತ್ತಾರು. ಎಪ್ಪತ್ತಮೂರು. ಎಂಬತ್ತು.
ಉಡಿದಾರ ಎರಡು ಸಲ ಬದಲಾಯಿತು.
ಮದುವೆಯ ಉಂಗುರವನ್ನು ಅಕ್ಕಸಾಲಿಗ ಕತ್ತರಿಸಿ ತೆಗೆದ.
"ಮೈ ತುಂಬ್ಕೊಂಡಿದೀಯ, ಸುಖವಾಗಿದೀಯ ಬಿಡು"
ಅಂದರು ಬೀದಿಯವರು.

ಒಂದು ತಿಂಗಳು ನುಂಗದೆ ಬೆಂಕಿಪೊಟ್ಟಣದಲ್ಲಿ ಬಚ್ಚಿಟ್ಟೆ.
ಮೂರು ಕೆಜಿ ಇಳಿಯಿತು.
ನಾಲ್ಕನೆಯದು ಇಳಿಯುವ ಮೊದಲೇ
ಫ್ಯಾನು ನನ್ನ ಹೆಸರು ಹೇಳಿತು.
ಸಾಕಮ್ಮ ಏನೂ ಕೇಳಲಿಲ್ಲ,
ಪೊಟ್ಟಣ ಅಂಗೈಗೆ ಸುರಿದು ಎಣಿಸಿದಳು, ಇಪ್ಪತ್ತಾರು.
ಮತ್ತೊಮ್ಮೆ ಎಣಿಸಿದಳು.

ಡಾಕ್ಟರು ಬೇರೆ ಮಾತ್ರೆ ಬರೆದರು, ಸಕ್ಕರೆ ಪರೀಕ್ಷೆ ಬರೆದರು,
"ನಿಮ್ಮ ತಪ್ಪಲ್ಲ ಇದು. ನಡೀರಿ" ಅಂದರು.
ಆಚೆ ನಡಿ ಅಂತಲೋ, ದಿನಾ ನಡಿ ಅಂತಲೋ
ತಿಳಿಯದೆ ಎದ್ದು ನಿಂತೆ. ಅವರೂ ನಕ್ಕರು.
ಈಗ ಬೆಳಿಗ್ಗೆ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು.
ಐದನೆಯದಕ್ಕೆ ದೋಸೆಯ ವಾಸನೆ ಅಡ್ಡ ಬರುತ್ತದೆ.

ಈ ಸುಗ್ಗಿಗೆ ಸಾಹುಕಾರರು ವಾಪಸ್ ಕರೆದಿದ್ದಾರೆ, ಅರ್ಧ ದಿನಕ್ಕೆ.
ನಿನ್ನೆ ಸಂಜೆ, ಯಾರ್ಡು ಖಾಲಿಯಾದ ಮೇಲೆ,
ಚಪ್ಪಲಿ ಬಿಟ್ಟು ಕಾಟಾ ಹತ್ತಿದೆ.
ಅಂಕಿಗಳು ಬರೀ ಅಂಕಿಗಳಾಗಿದ್ದವು.
ಹಮಾಲಿ ದಸ್ತಗೀರ್ ಹರಾಜಿನ ದನಿಯಲ್ಲಿ ಕೂಗಿದ:
"ಎಪ್ಪತ್ತೆಂಟೂವರೆ, ಚೀಲ ಸಮೇತ!
ವಜಾ ಎಷ್ಟು ಹಾಕ್ಲಿ, ಜವರಣ್ಣ?"

ಬೇಡ ಬಿಡೋ, ಅಂದೆ.
ಹಿಂಗೇ ಬರ್ಕೋ.